ಬನ್ನಿ ಗಂಟಿನ ನೊಣ ಕೊನೆಗೂ ಕೈಗೆ ಸಿಕ್ಕಿತು

ಹುಳ ಒಳಗೆ ಬೆಳೆಯುವಾಗ ಬನ್ನಿ ಮರದಲ್ಲಿ ಏಳುವ ಉಬ್ಬೇ ಈ ಗಂಟು. ಅದರಿಂದ ಕಣಜ ಬರುತ್ತವೆ, ಗಂಟು ಮಾಡಿದ ನೊಣ ಬರೋದಿಲ್ಲ ಅಂತ ನಮ್ಮ ಗೆಳೆಯರೆಲ್ಲ ಕೈಬಿಟ್ಟಿದ್ದರು. ಜತ್ತ ತಾಲೂಕಿನ ನಮ್ಮ ಹೊಲದ ಬದುವಿನಲ್ಲೇ ನಾನು ನೊಣ ಎಬ್ಬಿಸಿದ್ದೇನೆ. ಒಂದೆರಡಲ್ಲ, ಮೂವತ್ತು–ನಲವತ್ತು.

ಮೊದಲು ಸೋತದ್ದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಂಟಿಗೆ ಬೂಷ್ಟು ಹಿಡಿಯಿತು. ಮುಚ್ಚಳಕ್ಕೆ ತೂತು ಹಾಕಿದರೆ ಗಂಟೇ ಒಣಗಿ ಒಳಗಿನ ಮರಿ ಸತ್ತಿತು. ಆಮೇಲೆ ಕತ್ತಲೆ ರಟ್ಟಿನ ಪೆಟ್ಟಿಗೆ, ಅದಕ್ಕೊಂದು ಗಾಜಿನ ನಳಿಗೆ. ಬೆಳಕಿಗೆ ಓಡಿ ಬಂದದ್ದೆಲ್ಲ ಮಿರಮಿರ ಹಸಿರು ಕಣಜಗಳು! ನೊಣದ ಮರಿಯನ್ನು ಒಳಗೇ ತಿಂದು ಮುಗಿಸಿದವು. ಆನ್‌ಲೈನ್‌ನಲ್ಲಿ ತರಿಸಿದ ಬಲೆ ಪಂಜರಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ನಮ್ಮ ಗಾಳಿಗೆ ಅದು ಒಂದು ವಾರವೂ ತಾಳಲಿಲ್ಲ.

ಕೊನೆಗೆ ಗಂಟು ಕೊಯ್ಯೋದನ್ನೇ ಬಿಟ್ಟೆ. ಹಳೇ ವಾಯಿಲ್ ಸೀರೆಯಲ್ಲಿ ಚೀಲ ಹೊಲಿದು ಕೊಂಬೆಗೇ ಕಟ್ಟಿದೆ. ದರ್ಜಿಗೆ ಕೊಟ್ಟದ್ದು ಇನ್ನೂರೋ ಇನ್ನೂರೈವತ್ತೋ. ಮೊದಲ ಚೀಲಗಳನ್ನು ಆಡುಗಳು ಎಲೆ ಸಮೇತ ಮುಗಿಸಿದವು. ಈಗ ತಲೆಗಿಂತ ಎತ್ತರಕ್ಕೇ ಕಟ್ಟೋದು. ಇರುವೆ ಹತ್ತದ ಹಾಗೆ ಕಡ್ಡಿಗೆ ಏನು ಬಳಿಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಗ್ರೀಸ್ ಅಂತೂ ಅಲ್ಲ.

ಇದರಲ್ಲಿ ಮುಖ್ಯ ಅಂದರೆ ಹೊತ್ತು ನೋಡಿ ಕಟ್ಟೋದು. ಪಕ್ಕದ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗಿನ ಕೋಶದ (ಮರಿ ನೊಣವಾಗೋ ಮೊದಲಿನ ಹಂತ) ಕಣ್ಣು ಕಪ್ಪಾಗಿದ್ದರೆ ಅವತ್ತೇ ಚೀಲ ಕಟ್ಟಿ. ಇನ್ನೂ ಬಿಳಿಯಿದ್ದರೆ ಸುಮ್ನೆ ಬಂದುಬಿಡಿ. ನೊಣ ಹೋದ ತೂತಿನಲ್ಲಿ ಪೊರೆ ಅರ್ಧ ಹೊರಗೆ ಸಿಕ್ಕಿಕೊಂಡಿರುತ್ತೆ. ಕಣಜ ಕಡಿದ ತೂತು ನೀಟಾಗಿ, ದುಂಡಗೆ, ಖಾಲಿ. ಲೆನ್ಸ್ ಹಿಡಿದರೆ ಸಾಕು, ಅನುಮಾನವೇ ಉಳಿಯಲ್ಲ.

ನೊಣ ಸೊಳ್ಳೆಗಿಂತ ಸಣ್ಣದು, ಮೀಸೆ ಮಣಿ ಪೋಣಿಸಿದ ಹಾಗೆ. ಭತ್ತದ ಕಣೆನೊಣದ ಬಳಗವೇ, ಆ ಕುಟುಂಬದ ಹೆಸರು ಸೆಸಿಡೋಮೈಯಿಡೇ. ಬಂದ ಕೂಡಲೇ ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್‌ಗೆ ಹಾಕಬೇಕು, ತಡ ಮಾಡಿದರೆ ಮುದುಡಿ ಕಾಲು ಉದುರುತ್ತವೆ. ಹೂಗೊಂಚಲಿನ ಗಂಟಿಗೆ ಚೀಲ ಕಟ್ಟಿ ಕೂರಬೇಡಿ. ಅದು ಮೈಟ್ ಅನ್ನೋ ನುಸಿಯದ್ದು, ನಾಲ್ಕೇ ಕಾಲಿನ ಈರಿಯೋಫಿಡ್ ಜಾತಿ. ರಾಜಸ್ಥಾನದವರ ಖೇಜಡಿ ನಮ್ಮ ಬನ್ನಿಯೇ ಅಲ್ವಾ, ಅಲ್ಲೂ ಈ ನುಸಿಯ ಕಾಟ ಇದೆ.

ನಡುವೆ ಉಳಿದ ಗಂಟು ಕುದಿಸಿ, ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿ ಮಸಿ ಮಾಡಿದೆ. ಬರೀ ಬೂದಿ ಬಣ್ಣ. ಗ್ರಂದಿಗೆ ಅಂಗಡಿಯ ಮಾಚಿಕಾಯಿಯೂ ಗಂಟೇ, ಓಕ್ ಮರದಲ್ಲಿ ಕಣಜ ಮಾಡಿಸಿದ್ದು. ಅದರಲ್ಲಿ ಕಡುಗಪ್ಪು ಬಂತು. ಚೀಲಗಳಿಗೆ ನಂಬರ್ ಬರೆಯೋದು ಈಗ ಅದರಲ್ಲೇ. ಸದ್ಯ ಕರಿಜಾಲಿಯ ಗಂಟಿಗೂ ಚೀಲ ಕಟ್ಟಿದ್ದೇನೆ, ಮುಳ್ಳಿಗೆ ಸಿಕ್ಕಿ ಅರ್ಧ ಚೀಲ ಹರಿದಿವೆ. ಇಲ್ಲಿಯವರೆಗೆ ಬಂದದ್ದು ಕಣಜ ಮಾತ್ರ.