ಹಿರಿಯರಿಗಾಗಿ ಹಳೆ ಮನೆ: ಹೊಸಿಲು ಉಳಿಸಿಕೊಂಡೇ ತಿದ್ದುವುದು ಹೇಗೆ?

ಬಚ್ಚಲಿಗೆ ಹಿಡಿಕೆ, ಮುಂಬಾಗಿಲಿಗೆ ಇಳಿಜಾರು, ಹೊಸ ಕಮೋಡು ಎಲ್ಲ ಹಾಕಿಸಿದ ಮೇಲೂ ಅಜ್ಜಿ ಹಿತ್ತಲ ಹಳೆ ಬಚ್ಚಲಿಗೇ ಹೋಗುವುದುಂಟು. ಮಡಿ, ದೇವರು, ಹೊಸಿಲು, ಜಗಲಿ ಇವುಗಳ ಕ್ರಮ ಕೆಟ್ಟರೆ ಹಿರಿಯರು ಎಂಥ ಅನುಕೂಲವನ್ನೂ ಬಳಸುವುದಿಲ್ಲ. ಹಾಗಾಗಿ ಯಾವುದರ ಜಾಗವನ್ನೂ ತಪ್ಪಿಸದೆ ಎತ್ತರ, ಅಗಲ, ನೆಲ, ಬೆಳಕು ಇಷ್ಟನ್ನೇ ತಿದ್ದಬೇಕು. ಜಗಲಿ, ಪಡಸಾಲೆ, ಹಿತ್ತಲು ಇರುವ ನಮ್ಮ ಕಡೆಯ ಹಳೆ ಮನೆಗೆ ಈ ಕ್ರಮ ಹೊಂದುತ್ತದೆ.

ಮೊದಲು ದಿನಚರಿ ಗುರುತಿಸಿ

ಹಿರಿಯರು ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಎಲ್ಲೆಲ್ಲಿ ಓಡಾಡುತ್ತಾರೆ, ಎಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೆ ಎಂದು ಎರಡು ದಿನ ನೋಡಿ ಮನೆಯ ನಕ್ಷೆಯಲ್ಲಿ ಬರೆದುಕೊಳ್ಳಿ. ಕೈ ತಾಗಿ ತಾಗಿ ಗೋಡೆಯ ಬಣ್ಣ ಮಾಸಿದ ಕಡೆಯೇ ಹಿಡಿಕೆ ಬೇಕಾದ ಜಾಗ. ಆ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ.

ಹೊಸಿಲು

ಕೆಲಸಗಾರರು ಮೊದಲು ಕೀಳಲು ಹೊರಡುವುದು ಇದನ್ನೇ. ಒಳಕೋಣೆಗಳ ಹೊಸಿಲನ್ನು ಮನೆಯವರನ್ನು ಕೇಳಿ ತೆಗೆಸಬಹುದು. ಪೂಜೆ ಮಾಡುವ ಪ್ರಧಾನ ಬಾಗಿಲಿನದನ್ನು ಮುಟ್ಟಬೇಡಿ. ಗಾಲಿಕುರ್ಚಿ ದಾಟಬೇಕಾದರೆ ಎರಡೂ ಬದಿಗೆ ಎತ್ತಿಡಲು ಬರುವಂಥ ಮರದ ಇಳಿಜಾರು ಹಲಗೆ ಮಾಡಿಸಿ. ಒಂದು ಇಂಚು ಏರಲು ಒಂದು ಅಡಿ ಉದ್ದ ಬೇಕು, ಅಂದರೆ ಮೂರು ಇಂಚಿನ ಹೊಸಿಲಿಗೆ ಬದಿಗೆ ಮೂರು ಅಡಿ. ಅಡಿಯಲ್ಲಿ ರಬ್ಬರ್ ಪಟ್ಟಿ ಅಂಟಿಸದಿದ್ದರೆ ಹಲಗೆ ಜಾರುತ್ತದೆ. ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕುವ ಹೊತ್ತಿಗೆ ಅದನ್ನು ಎತ್ತಿಟ್ಟರಾಯಿತು. ನಡೆದಾಡಬಲ್ಲವರಿಗೆ ಹಲಗೆಯೂ ಬೇಡ. ಬಾಗಿಲ ಪಕ್ಕದ ಗೋಡೆಗೆ ಎರಡೂವರೆ ಅಡಿಯಿಂದ ನಾಲ್ಕೂವರೆ ಅಡಿ ಎತ್ತರದವರೆಗೆ ಒಂದು ನೇರ ಹಿಡಿಕೆ ಸಾಕು. ಹೊಸಿಲಿಗೆ ಹಳದಿ ಬಳಿದು ಕೆಂಪು ಬೊಟ್ಟಿಡುವ ನಮ್ಮ ರೂಢಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ದೃಷ್ಟಿ ಮಂದವಾದವರಿಗೂ ಅದು ಎದ್ದು ಕಾಣುತ್ತದೆ.

ಜಗಲಿ

ಬೀದಿ ಕಾಣುವ ಜಗಲಿ ತಪ್ಪಿದರೆ ಹಿರಿಯರಿಗೆ ಊರೇ ತಪ್ಪಿದಂತೆ. ಕೂರುವ ಕಟ್ಟೆ 18 ಇಂಚು ಎತ್ತರವಿರಲಿ. ತಗ್ಗಾಗಿದ್ದರೆ ಮೇಲೆ ಇನ್ನೊಂದು ಹಲಗೆ ಕೂರಿಸಿ, ಏಳುವಾಗ ಊರಿಕೊಳ್ಳಲು ಒಂದು ಬದಿಗೆ ತೋಳು ಕೊಡಿ. ಮನೆಯ ಪಾಯ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರಿಗೆ 18 ಅಡಿ ಉದ್ದ ಬೇಕು. ಅಷ್ಟು ಜಾಗವಿಲ್ಲವೆಂದು ಕಡಿದಾಗಿ ಮಾಡಿದರೆ ಕುರ್ಚಿ ತಳ್ಳುವವರೇ ಹಿಂದಕ್ಕೆ ಜಾರುತ್ತಾರೆ. ಬದಲಿಗೆ ಜಗಲಿಯ ಪಕ್ಕದಲ್ಲಿ ತಿರುವು ಕೊಟ್ಟು, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬಿಡಿ. ಹಿತ್ತಲಲ್ಲಿ ಜಾಗ ಧಾರಾಳವಾಗಿದ್ದರೂ ಇಳಿಜಾರನ್ನು ಅಲ್ಲಿಗೆ ಒಯ್ಯಬೇಡಿ: ಮನೆಯ ಯಜಮಾನರನ್ನು ಹಿಂಬಾಗಿಲಿನಿಂದ ಕರೆತರುವುದು ಅವರ ಮನಸ್ಸಿಗೆ ನಾಟುತ್ತದೆ. ಮಲೆನಾಡು, ಕರಾವಳಿಯಲ್ಲಿ ಇಳಿಜಾರಿಗೆ ಮಾಡು ಕಡ್ಡಾಯ. ಇಲ್ಲದಿದ್ದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ, ಮೆಟ್ಟಿಲಿಗಿಂತ ಹೆಚ್ಚು ಅಪಾಯವಾಗುತ್ತದೆ.

ಬಚ್ಚಲು

ಹಣವನ್ನೂ ಗಮನವನ್ನೂ ಹೆಚ್ಚು ಕೊಡಬೇಕಾದದ್ದು ಇಲ್ಲಿ. ಸ್ನಾನ ಮುಗಿಸಿ ಮಡಿಯಲ್ಲಿ ದೇವರ ಕೋಣೆಗೆ ಹೋಗುವವರಿಗೆ ಕಮೋಡು ಮತ್ತು ಸ್ನಾನದ ಜಾಗ ಒಂದೇ ಕೋಣೆಯಲ್ಲಿ ಇರುವುದು ಒಗ್ಗುವುದಿಲ್ಲ. ಸಾಧ್ಯವಿದ್ದರೆ ಎರಡು ಬಾಗಿಲು, ಇಲ್ಲವಾದರೆ ನಡುವೆ ಒಂದು ಅಡ್ಡಗೋಡೆ ಇರಲಿ.

ಸ್ನಾನಕ್ಕೆ ಷವರ್ ಹಾಕಿಸಿ ಬಕೆಟ್ಟು ತೆಗೆದುಬಿಡಬೇಡಿ. ತಂಬಿಗೆಯಲ್ಲಿ ಹೊಯ್ದುಕೊಂಡರೇ ಅವರಿಗೆ ಮಿಂದಂತೆ. ಬಗ್ಗುವುದನ್ನು ಮಾತ್ರ ತಪ್ಪಿಸಿ. ಕೂರಲು 18 ಇಂಚಿನ ಕಲ್ಲುಕಟ್ಟೆ, ಪಕ್ಕದಲ್ಲಿ ಬಕೆಟ್ಟಿಗೆ ಒಂದಡಿ ಎತ್ತರದ ಇನ್ನೊಂದು ಕಟ್ಟೆ, ಕೂತಲ್ಲಿಂದಲೇ ಕೈಗೆ ಎಟಕುವ ಉದ್ದ ಹಿಡಿಯ ನಲ್ಲಿ. ಕಟ್ಟೆಯ ಅಂಚು ದುಂಡಗಿರಲಿ.

ಕಮೋಡಿನ ಆಸನವೂ 18 ಇಂಚು. ಅದರ ಪಕ್ಕದ ಅಡ್ಡ ಹಿಡಿಕೆ ಆಸನದಿಂದ 8–10 ಇಂಚು ಮೇಲಿರಬೇಕು. ಹಿಡಿಕೆಯ ದಪ್ಪ ಒಂದೂವರೆ ಇಂಚು, ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದು. ಟವೆಲ್ ಕಂಬಿಯನ್ನೇ ಹಿಡಿಕೆಯೆಂದು ನಂಬುವುದು ಎಲ್ಲೆಡೆ ಕಾಣುವ ತಪ್ಪು. ಪೂರ್ತಿ ಮೈಭಾರ ಬಿದ್ದರೂ ಹಿಡಿಕೆ ಅಲುಗಬಾರದು. ಇಟ್ಟಿಗೆ ಗೋಡೆಯಲ್ಲಿ ಲೋಹದ ಆಂಕರ್ ಬೋಲ್ಟ್ ಹಿಡಿಯುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಆ ಭಾಗದ ಟೊಳ್ಳಿಗೆ ಮೊದಲು ಕಾಂಕ್ರೀಟ್ ತುಂಬಿಸಿ. ಮಣ್ಣಿನ ಗೋಡೆಗೆ ಬೋಲ್ಟ್ ನಿಲ್ಲುವುದಿಲ್ಲ. ನೆಲದಿಂದಲೇ ಕಂಬಿ ಎಬ್ಬಿಸಬೇಕು.

ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಹಿರಿಯರು ಬಿದ್ದರೆ ನೆರವಿಗೆ ಹೋಗಲು ದಾರಿಯೇ ಇರುವುದಿಲ್ಲ. ಚಿಲಕವನ್ನು ಹೊರಗಿನಿಂದಲೂ ತೆಗೆಯಲು ಬರಬೇಕು, ಬಾಗಿಲ ಅಗಲ ಮೂರು ಅಡಿ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ. ಒರಟು ಗ್ರಾನೈಟ್ ಅಥವಾ ಹೊಳಪಿಲ್ಲದ ಟೈಲ್ಸ್ ಹಾಕಿಸಿ. ಕೆಂಪು ಗಾರೆ ನೆಲ ಒಣಗಿದ್ದಾಗ ಪಾದಕ್ಕೆ ಹಿತ, ನೀರು ಬಿದ್ದರೆ ಜಾರುತ್ತದೆ. ಪಡಸಾಲೆಯಲ್ಲಿ ಅದು ಇದ್ದಂತೆಯೇ ಇರಲಿ, ಬಚ್ಚಲ ಬಾಗಿಲಲ್ಲಿ ಮಾತ್ರ ಮೂರು ಅಡಿ ಒರಟು ಕಲ್ಲು ಹಾಸಿ. ಅಲ್ಲಿ ಕಪ್ಪು ಮ್ಯಾಟ್ ಹಾಕಬೇಡಿ. ಮರೆವಿನ ಕಾಯಿಲೆ ಇರುವವರಿಗೆ ಅದು ಹಳ್ಳದಂತೆ ಕಂಡು, ದಾಟಲು ಹೆದರುತ್ತಾರೆ.

ದೇವರ ಕೋಣೆ

ಮಂಡಿ ಮಡಚಲಾಗದವರು ಕುರ್ಚಿಯಲ್ಲಿ ಕೂತು ಪೂಜೆ ಮಾಡಲು ಹಿಂಜರಿಯುತ್ತಾರೆ, ಏಕೆಂದರೆ ಆಗ ದೇವರು ಕೆಳಗಾಗಿ ತಾವು ಮೇಲಾಗುತ್ತಾರೆ. ಪೀಠವನ್ನು 30 ಇಂಚಿಗೆ ಏರಿಸಿದರೆ ಆ ಅಳುಕು ಹೋಗುತ್ತದೆ. ಪೀಠದ ಕೆಳಗೆ ಮಂಡಿ ಸೇರುವಷ್ಟು ಖಾಲಿ ಬಿಡಿ. ದೀಪವನ್ನು ಪೀಠದ ಮುಂದೆ ಇಡದೆ ಬದಿಗಿಡಿ. ನಡುವಿದ್ದರೆ ಹೂ ಏರಿಸುವಾಗ ಸೆರಗಿಗೆ ಕಿಡಿ ತಾಗೀತು.

ಮಂಚ, ಬೆಳಕು, ತೂಗುಯ್ಯಾಲೆ

ಉತ್ತರಕ್ಕೆ ತಲೆ ಹಾಕಿ ಮಲಗದವರೇ ಹೆಚ್ಚು. ವೈರಿಂಗ್‌ಗೆ ಮೊದಲೇ ತಲೆದಿಂಬು ಯಾವ ಕಡೆಗೆಂದು ಕೇಳಿ. ಇಲ್ಲದಿದ್ದರೆ ಸ್ವಿಚ್ಚು ಕಾಲ ಬಳಿ ಬಂದು ಕೂರುತ್ತದೆ. ಮಂಚದಿಂದ ಬಚ್ಚಲವರೆಗೆ ನೆಲದಿಂದ ಒಂದಡಿ ಎತ್ತರದಲ್ಲಿ, ನಡೆದಾಗ ತಾನೇ ಹೊತ್ತುವ ಹಳದಿ ಬೆಳಕಿನ ದೀಪ ಹಾಕಿಸಿ.

ತೂಗುಯ್ಯಾಲೆಯನ್ನು ಬಿಚ್ಚಿಡುವುದು ಬೇಡ. ಏಳುವಾಗ ಮಣೆ ಹಿಂದಕ್ಕೆ ಸರಿಯುವುದರಿಂದ ಬೀಳುತ್ತಾರೆ. ಅದನ್ನು ತಡೆಯಲು ಗೋಡೆಗೆ ಕೊಂಡಿ ಹಾಕಿ ಮಣೆಯನ್ನು ಬಿಗಿಯುವ ವ್ಯವಸ್ಥೆ ಮಾಡಿ, ಸರಪಳಿಯ ಕೊಕ್ಕೆಗಳನ್ನು ವರ್ಷಕ್ಕೊಮ್ಮೆ ನೋಡಿ.

ಕೆಲಸದ ಸರದಿ

ಹಿಡಿಕೆ ಮತ್ತು ದೀಪ ಮೊದಲು. ಒಂದೇ ದಿನದ ಕೆಲಸ. ಬಚ್ಚಲನ್ನು ಬೇಸಿಗೆಯಲ್ಲಿ ಮಾಡಿಸಿ. ಟೈಲ್ಸ್ ಹಾಕುವ ಮೊದಲು ನೆಲದಲ್ಲಿ ಎರಡು ದಿನ ನೀರು ನಿಲ್ಲಿಸಿ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹೊಸ ಬಚ್ಚಲು ಬಳಕೆಗೆ ಬರುವವರೆಗೆ ಹಳೆಯದನ್ನು ಒಡೆಯಬೇಡಿ.