ದಾರಿಯಲ್ಲೇ ಉಳಿದ ಒಂಬತ್ತು ವೋಲ್ಟ್

ಮುಂಬಯಿಯ ಮಾಟುಂಗದಲ್ಲಿ ನಾನು ವಯರಿಂಗ್ ಕೆಲಸ ನೋಡಿಕೊಳ್ಳುವ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ 3000 ವ್ಯಾಟ್‌ನ ಬಾಯ್ಲರ್ ಇದೆ. ಕಳೆದ ಮಳೆಗಾಲದಲ್ಲಿ ನೀರು ಕಾಯುವುದು ತಡವಾಗುತ್ತಿದೆಯೆಂದೂ ಸುಟ್ಟ ವಾಸನೆ ಬರುತ್ತಿದೆಯೆಂದೂ ಮಾಲೀಕರು ಹೇಳಿಕಳುಹಿಸಿದರು. ನಾನು ಹೋಗುವಷ್ಟರಲ್ಲಿ ನೀರು ಕಾಯಿಸುವ ಹೊಸ ಕಾಯಿಲ್ ತಂದಿಟ್ಟಿದ್ದರು. ಆದರೆ ಅಳೆಯದೆ ಬಿಚ್ಚುವುದು ನನಗೆ ಒಗ್ಗುವುದಿಲ್ಲ.

ಬಾಯ್ಲರನ್ನು ಚಾಲೂ ಇಟ್ಟುಕೊಂಡೇ ಅದರ ತುದಿಗಳಲ್ಲಿ ವೋಲ್ಟೇಜನ್ನೂ ಫೇಸ್ ತಂತಿಗೆ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿ ಕರೆಂಟನ್ನೂ ಒಂದೇ ಹೊತ್ತಿನಲ್ಲಿ ನೋಡಿದೆ. ಕ್ಲ್ಯಾಂಪಿನೊಳಗೆ ಒಂದೇ ತಂತಿ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ, ಏಕೆಂದರೆ ಒಂದರಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಮರಳಿ ಬರುತ್ತಿರುತ್ತದೆ. ಕೆಲಸ ಕಲಿಯುವಾಗ ಈ ಸೊನ್ನೆಯನ್ನು ನಂಬಿ ನಾನೇ ಅರ್ಧ ದಿನ ಕಳೆದದ್ದುಂಟು.

ಸಿಕ್ಕಿದ್ದು 222 ವೋಲ್ಟ್, 12.6 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, 17.6 ಓಮ್; ಎರಡನ್ನೂ ಗುಣಿಸಿದರೆ ಸುಮಾರು 2800 ವ್ಯಾಟ್. ಬಾಯ್ಲರಿನ ಮೇಲೆ ಬರೆದಿರುವುದು 230 ವೋಲ್ಟಿಗೆ 3000 ವ್ಯಾಟ್. 230ರ ವರ್ಗವನ್ನು 3000ದಿಂದ ಭಾಗಿಸಿದರೂ ಬರುವುದು ಅದೇ 17.6 ಓಮ್. ಅಂದಮೇಲೆ ಕಾಯಿಲ್ ಹೇಗಿರಬೇಕೋ ಹಾಗೆಯೇ ಇತ್ತು, ಅದಕ್ಕೆ ತಲುಪುತ್ತಿದ್ದ ವೋಲ್ಟೇಜ್ ಮಾತ್ರ ಕಡಿಮೆಯಾಗಿತ್ತು.

ಅದೇ ಲೋಡಿನಲ್ಲಿ ಮೇನ್ ಬೋರ್ಡಿನ ಬಳಿ ಅಳೆದಾಗ 231 ವೋಲ್ಟ್ ಇತ್ತು. ನಡುವೆ ಕಳೆದುಹೋದ 9 ವೋಲ್ಟನ್ನು 12.6ರಿಂದ ಭಾಗಿಸಿದರೆ ದಾರಿಯ ರೋಧ 0.71 ಓಮ್ ಆಗುತ್ತದೆ. ಬೋರ್ಡಿನಿಂದ ಬಾಯ್ಲರಿಗೆ ಹದಿನೈದು ಮೀಟರ್ ದೂರ, ಹೋಗಿ ಬರಲು ಮೂವತ್ತು. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಅಷ್ಟು ದೂರದಲ್ಲಿ 0.14 ಓಮಿಗಿಂತ ಹೆಚ್ಚು ರೋಧ ಬರಬಾರದು. ಉಳಿದ 0.57 ಓಮ್ ಯಾವುದೋ ಒಂದು ಜಾಯಿಂಟಿನಲ್ಲಿ ಕೂತಿರಬೇಕು, ಮತ್ತು ಕರೆಂಟಿನ ವರ್ಗವನ್ನು ಅದರಿಂದ ಗುಣಿಸಿದರೆ ಅಲ್ಲಿ ಸುಮಾರು 90 ವ್ಯಾಟ್ ಶಾಖವಾಗುತ್ತಿತ್ತು. ಬೆರಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಸೇರಿದರೆ ವಾಸನೆ ಬಾರದೆ ಇರುತ್ತದೆಯೇ! ಮೇನ್ ಇಳಿಸಿ ಒಂದೊಂದೇ ಡಬ್ಬಿ ಬಿಚ್ಚುತ್ತ ಹೋದಾಗ, ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಸ್ವಿಚ್ಚಿನಲ್ಲಿ ನ್ಯೂಟ್ರಲಿನ ಸ್ಕ್ರೂ ಸಡಿಲವಾಗಿ, ಹಬೆಗೆ ಕಿಲುಬು ಹಿಡಿದು, ಸುತ್ತಲಿನ ಪ್ಲಾಸ್ಟಿಕ್ ಕಪ್ಪಾಗಿತ್ತು. ಸ್ವಿಚ್ಚು ಬದಲಿಸಿ ತಂತಿಯ ತುದಿಯನ್ನು ಹೊಸದಾಗಿ ಕತ್ತರಿಸಿ ಬಿಗಿದ ಮೇಲೆ ಬಾಯ್ಲರಿನಲ್ಲಿ 229 ವೋಲ್ಟ್, 13 ಆಂಪಿಯರ್ ಬಂತು. ತಂದಿಟ್ಟ ಕಾಯಿಲ್ ಅಂಗಡಿಗೆ ಹಿಂದಿರುಗಿತು.

ಇದನ್ನು ನೋಡಿ ಉತ್ಸಾಹಗೊಂಡ ಮಾಲೀಕರು ಗ್ರೈಂಡರಿನ ಲೆಕ್ಕವನ್ನೂ ಹೀಗೆಯೇ ಮಾಡಿಕೊಡಿ ಎಂದರು. ಅಲ್ಲಿ ಈ ಸೂತ್ರ ಹಾಗೆ ನಡೆಯುವುದಿಲ್ಲ. ಅದು 230 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುತ್ತಿತ್ತು, ಗುಣಲಬ್ಧ 920. ಆದರೆ ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಅದು ನಿಜವಾದ ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು, 0.7 ಇದ್ದುದರಿಂದ ಅದು ನಿಜಕ್ಕೂ ತಿನ್ನುತ್ತಿದ್ದದ್ದು 644 ವ್ಯಾಟ್. 230ನ್ನು 4ರಿಂದ ಭಾಗಿಸಿ ಬಂದ 57.5 ಓಮ್ ಕೂಡ ಮೋಟಾರಿನೊಳಗಿನ ತಂತಿಸುರುಳಿಯ ರೋಧವಲ್ಲ. ಗ್ರೈಂಡರ್ ನಿಲ್ಲಿಸಿ, ಪ್ಲಗ್ ಕಿತ್ತು, ಮಲ್ಟಿಮೀಟರಿನಲ್ಲಿ ನೋಡಿದಾಗ ಸುರುಳಿ ತೋರಿಸಿದ್ದು ಐದು ಓಮಿನ ಆಸುಪಾಸು.