ಸಿಂಕಿನ ನೀರು ಇಳಿಯುತ್ತಿಲ್ಲವೇ? ಆಸಿಡ್ ಬೇಡ, ಟ್ರ್ಯಾಪ್ ಬಿಚ್ಚಿ

ಮುದ್ದೆ ಮಾಡುವ ಮನೆಯ ಸಿಂಕು ಬೇಗ ಕಟ್ಟಿಕೊಳ್ಳುತ್ತದೆ. ಪಾತ್ರೆಯ ತಳಕ್ಕೆ ಹಿಡಿದ ರಾಗಿ ಹಿಟ್ಟನ್ನು ನೆನೆಸಿ, ಉಜ್ಜಿ, ಹಾಗೇ ಸಿಂಕಿಗೆ ಸುರಿಯುತ್ತೇವೆ. ಅದು ಸಾರಿನ ಎಣ್ಣೆ ಜಿಡ್ಡಿನ ಜೊತೆ ಸೇರಿ ಪೈಪಿನೊಳಗೆ ಪದರ ಪದರವಾಗಿ ಅಂಟುತ್ತದೆ. ಕೋಲಾರದ ಕಡೆ ಬೋರ್‌ವೆಲ್ ನೀರಿನ ಮನೆಗಳ ಬಚ್ಚಲಲ್ಲಿ ತೊಂದರೆ ಬೇರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಮೈಸೋಪಿನೊಡನೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ, ಅದಕ್ಕೆ ಕೂದಲು ಸಿಕ್ಕಿಕೊಳ್ಳುತ್ತದೆ.

ಮೊದಲು ಎಲ್ಲಿ ಕಟ್ಟಿದೆ ಎಂದು ನೋಡಿ. ಸಿಂಕು, ಬಚ್ಚಲು, ಕಕ್ಕಸು ಎಲ್ಲದರಲ್ಲೂ ನೀರು ನಿಧಾನವಾಗಿದ್ದರೆ ಮನೆಯ ಪೈಪುಗಳೆಲ್ಲ ಬಂದು ಸೇರುವ ಹೊರಗಿನ ತೊಟ್ಟಿ, ಅಂದರೆ ಛೇಂಬರಿನ ಮುಚ್ಚಳ ತೆಗೆಯಿರಿ. ಅದೂ ತುಂಬಿ ನಿಂತಿದ್ದರೆ ಮುಂದಿನ ಲೈನ್ ಕಟ್ಟಿದೆ, ಇಲ್ಲವೇ ಕಕ್ಕಸಿನ ಗುಂಡಿ (ಪಿಟ್) ತುಂಬಿದೆ. ಪಿಟ್ ತುಂಬಿದ್ದರೆ ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ಎಷ್ಟೇ ಅವಸರವಿರಲಿ, ಒಳಗೆ ಯಾರನ್ನೂ ಇಳಿಸಬೇಡಿ. ಅಲ್ಲಿನ ವಿಷಗಾಳಿಗೆ ಇಳಿದವರೂ, ಅವರನ್ನು ಎತ್ತಲು ಹೋದವರೂ ಸತ್ತ ಉದಾಹರಣೆಗಳು ಬೇಕಾದಷ್ಟಿವೆ. ರಕ್ಷಣಾ ಸಾಧನವಿಲ್ಲದೆ ಇಳಿಸಿದರೆ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಜೈಲು ಶಿಕ್ಷೆಯೂ ಆಗಬಹುದು.

ಸಿಂಕಿನಲ್ಲಿ ಮಾತ್ರ ನೀರು ನಿಂತಿದ್ದರೆ ಪ್ಲಂಜರ್, ಅಂದರೆ ಹಿಡಿಯ ತುದಿಗೆ ರಬ್ಬರ್ ಬಟ್ಟಲಿರುವ ಸಾಧನ, ಸಾಕಾಗಬಹುದು. ಸಿಂಕಿನ ಮೇಲ್ಭಾಗದಲ್ಲಿ ಇನ್ನೊಂದು ತೂತಿದ್ದರೆ ಅದಕ್ಕೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗಿಬಿಡುತ್ತದೆ. ರಬ್ಬರ್ ಬಟ್ಟಲು ಮುಳುಗುವಷ್ಟು ನೀರಿರಲಿ. ಹತ್ತು ಹದಿನೈದು ಸಲ ಒತ್ತಿ ಎಳೆದು, ಕೊನೆಗೆ ಜೋರಾಗಿ ಕಿತ್ತು ತೆಗೆಯಿರಿ.

ಆಗಲೂ ಇಳಿಯದಿದ್ದರೆ ಟ್ರ್ಯಾಪ್ ಬಿಚ್ಚಬೇಕು. ಸಿಂಕಿನ ಕೆಳಗೆ ಬಾಟಲಿ ಆಕಾರದಲ್ಲೋ, ಬಾಗಿದ ಪೈಪಿನಂತೆಯೋ ಇರುವುದೇ ಅದು. ಕೆಳಗೆ ಬಕೆಟ್ ಇಡಿ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಿ. ಸ್ಪ್ಯಾನರ್ ಹಾಕಿದರೆ ಸೀಳುತ್ತದೆ. ಬಿಗಿಯಾಗಿದ್ದರೆ ಒಣ ಬಟ್ಟೆ ಸುತ್ತಿ ಹಿಡಿಯಿರಿ. ಒಳಗಿನ ರಬ್ಬರ್ ವಾಷರ್ ಯಾವ ಮಗ್ಗುಲಾಗಿ ಕೂತಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ತಿರುಗಿ ಜೋಡಿಸುವಾಗ ಬೇಕಾಗುತ್ತದೆ. ಬಾಟಲಿಯ ತಳದಲ್ಲಿ ಬೂದು ಬಣ್ಣದ, ನಾರುವ ಹಿಟ್ಟಿನ ಗಟ್ಟಿ ಸಿಗುತ್ತದೆ, ಅದರೊಳಗೆ ಕರಿಬೇವಿನ ಕಡ್ಡಿ, ಸಾಸಿವೆ, ಸ್ಟೀಲ್ ನಾರಿನ ಚೂರು. ಇದನ್ನು ಬೆರಳಲ್ಲೇ ತೆಗೆದು ಕಸಕ್ಕೆ ಹಾಕಿ, ತಿರುಗಿ ಸಿಂಕಿಗಲ್ಲ. ಹಳೆಯ ಬ್ರಷ್‌ನಿಂದ ಉಜ್ಜಿ ಜೋಡಿಸಿ, ನೀರು ಬಿಟ್ಟು, ನಟ್ಟಿನ ಸುತ್ತ ಒಣ ಕಾಗದ ಹಿಡಿಯಿರಿ. ಕಾಗದ ನೆನೆದರೆ ವಾಷರ್ ಸರಿಯಾಗಿ ಕೂತಿಲ್ಲ.

ಟ್ರ್ಯಾಪ್ ಖಾಲಿಯಿದ್ದೂ ನೀರು ಹೋಗದಿದ್ದರೆ ಅಡಚಣೆ ಗೋಡೆಯೊಳಗಿನ ಪೈಪಿನಲ್ಲಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬಾಗುವ ಉದ್ದ ತಂತಿಯಂಥ ಡ್ರೈನ್ ಸ್ಪ್ರಿಂಗನ್ನು ತಿರುಗಿಸುತ್ತಾ ಒಳಗೆ ಬಿಡಿ. ಬಲವಂತ ಬೇಡ, ತಡೆದ ಕಡೆ ತಿರುಗಿಸಿ.

ಆಸಿಡ್ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ: ಸುರಿಯಬೇಡಿ. ಬಚ್ಚಲು ತೊಳೆಯುವ ಆಸಿಡ್ ಬ್ಲೀಚಿಂಗ್ ಪೌಡರ್‌ಗೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಾಸ್ಟಿಕ್ ಸೋಡಾ ಇರುವ ಪುಡಿ ನೀರಿಗೆ ಬಿದ್ದ ಕೂಡಲೇ ಕಾಯ್ದು ಕಣ್ಣಿಗೆ ಸಿಡಿಯಬಹುದು. ಕಟ್ಟು ಬಿಡದಿದ್ದರೆ ಅದೆಲ್ಲ ಟ್ರ್ಯಾಪಿನಲ್ಲೇ ನಿಂತು, ಮಾರನೇ ದಿನ ಬಿಚ್ಚುವ ಪ್ಲಂಬರ್‌ನ ಕೈ ಸುಡುತ್ತದೆ. ಹಾಕಿಯೇ ಬಿಟ್ಟಿದ್ದರೆ ಅವರಿಗೆ ಮೊದಲೇ ತಿಳಿಸಿ. ಅಡುಗೆ ಸೋಡಾ, ನಿಂಬೆರಸಕ್ಕೆ ನೊರೆ ಬರುತ್ತದೆಯೇ ಹೊರತು ಗಟ್ಟಿಯಾದ ಹಿಟ್ಟು ಕದಲುವುದಿಲ್ಲ. ಕುದಿಯುವ ನೀರೂ ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಜಿಡ್ಡಿಗೆ ಕೈ ತಾಳುವ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು.

ಬಚ್ಚಲಿನದು ಸುಲಭ. ಜಾಲರಿ ಎತ್ತಿ, ಅದರ ಕೆಳಗಿರುವ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ಟ್ರ್ಯಾಪು) ಒಳಬಟ್ಟಲು ತೆಗೆದು, ಕೂದಲನ್ನು ಬಾಗಿಸಿದ ತಂತಿಯಿಂದ ಎಳೆಯಿರಿ. ಬಟ್ಟಲನ್ನು ಮರೆಯದೆ ವಾಪಸ್ ಕೂರಿಸಿ, ಒಂದು ಚೊಂಬು ನೀರು ಹಾಕಿ. ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಅಲ್ಲಿ ನಿಲ್ಲುವ ನೀರೇ.